ಫ್ಲೆಕ್ಸಿನ ಹಿಂಬದಿಯ ಊರು

ಎಕ್ಕಂಬಿಯಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ಹೋದರೆ ಸಿಗುವ ಸರ್ಕಾರಿ ಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದೆ. ಊರು ನನ್ನದಲ್ಲ. ನನ್ನದು ಸಿದ್ದಾಪುರ ತಾಲೂಕಿನ ಹೇರೂರು ಕಡೆ. ಶಿರಸಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಹೀಗಾಗಿ ಬಸ್ಸು ನಿಲ್ಲುವ ಜಾಗ, ಶಾಲೆ, ಶಾಲೆಯೆದುರಿನ ಅಂಗಡಿ ಇಷ್ಟು ಬಿಟ್ಟರೆ ಆ ಊರಿನದೇನೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ಶಾಲೆಗಳು ಮುಚ್ಚಿದ್ದ ತಿಂಗಳುಗಳಲ್ಲಿ ಮಕ್ಕಳಿಗೆಂದು ಶಾಲೆಯ ಹೆಸರಿನಲ್ಲಿ ಜಾಲತಾಣದಲ್ಲೊಂದು ಪುಟ ತೆರೆದು, ವಾರಕ್ಕೊಮ್ಮೆ ಮೊಬೈಲಿನಲ್ಲಿ ಲೈವ್ ಬಂದು ಚಿತ್ರ ಹೇಳಿಕೊಡುತ್ತಿದ್ದೆ. ಮೊಬೈಲು ಇರುತ್ತಿದ್ದುದು ಅಪ್ಪ ಅಮ್ಮಂದಿರ ಕೈಯಲ್ಲಾದ್ದರಿಂದ ಪುಟಕ್ಕೆ ಸೇರಿಕೊಂಡವರೂ ಅವರೇ. ಶಾಲೆ ಮತ್ತೆ ತೆರೆಯಿತು, ಮಕ್ಕಳು ಬೆಂಚಿಗೆ ಬಂದು ಕೂತರು, ಪುಟ ಹಾಗೇ ಉಳಿಯಿತು. ಒಂದು ದಿನ ಶಾಲಾಭಿವೃದ್ಧಿ ಸಮಿತಿಯ ಸಭೆ ಕರೆದರೆ ಏಳು ಜನ ಬಂದರು. ಅವರಲ್ಲಿ ಇಬ್ಬರು ಚಹಾ ಬರುವ ಮೊದಲೇ ಎದ್ದುಹೋದರು. ಮುಖ್ಯಶಿಕ್ಷಕಿ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಾ ನನಗೆ ಹೇಳಿದರು: “ನಿಮ್ಮ ಪುಟದಲ್ಲಿ ಊರಿನೋರೆಲ್ಲ ಇದ್ದಾರಲ್ಲ ಸರ್. ದೊಡ್ಡೋರಿಗೆ ಎಂತಾದ್ರೂ ಮಾಡಿ. ಶಾಲೆ ಕಡೆ ಒಂದ್ಸಲ ತಲೆ ಹಾಕಿದ್ರೆ ಸಾಕು.”

ನನಗೆ ಹೊಳೆದದ್ದು ದೊಡ್ಡ ಸಂಗತಿಯೇನಲ್ಲ. ಊರಿನ ನಕ್ಷೆಯನ್ನು ಲೈವ್‌ನಲ್ಲಿ ಬರೆಯುವುದು, ಎಲ್ಲಿ ಏನಿದೆ ಎಂದು ನೋಡುವವರು ಹೇಳುವುದು. ಯಾವುದೋ ಸಮಾರಂಭಕ್ಕೆ ಮಾಡಿಸಿದ್ದ ಹಳೆಯ ಫ್ಲೆಕ್ಸು ಶಾಲೆಯಲ್ಲಿತ್ತು. ಅದರ ಹಿಂಬದಿ ಬಿಳಿ. ಅದನ್ನು ಸಭಾಂಗಣದ ನೆಲದ ಮೇಲೆ ಹಾಸಿ, ಎರಡೂ ಕಡೆ ಡೆಸ್ಕಿನ ಮೇಲೆ ಡೆಸ್ಕಿಟ್ಟು, ಮೇಲೆ ಏಣಿ ಅಡ್ಡ ಮಲಗಿಸಿ, ಏಣಿಯ ನಡುವೆ ಮೊಬೈಲನ್ನು ಕೆಳಮುಖವಾಗಿ ಕಟ್ಟಿದೆ. ಶನಿವಾರ ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ, ಮಧ್ಯಾಹ್ನ ಶುರು ಮಾಡಿದೆ.

ಮೊದಲ ಶನಿವಾರ ಒಂಬತ್ತು ಜನ ನೋಡಿದರು. ಅವರಲ್ಲಿ ಮೂವರು ನನ್ನ ಕಡೆಯವರೇ. ಮುಗಿದ ಕೂಡಲೇ ಹೇರೂರಿನಿಂದ ಅಕ್ಕ ಫೋನು ಮಾಡಿದಳು.

“ತಮ್ಮಾ, ಬರೀ ಕೈ ಕಾಣ್ತು. ಮುಖ ಎಂತಕ್ಕೆ ತೋರ್ಸ್ತಿಲ್ಲೆ?”

“ಆನು ಊರು ತೋರ್ಸ್ತೆ ಅಕ್ಕಾ. ಮುಖ ಅಲ್ಲ.”

“ಊರು ಎಲ್ಲಿದ್ದು? ಒಂದು ರಸ್ತೆ ಇದ್ದು ಅಷ್ಟೇಯ,” ಎಂದಳು. ಅದು ನಿಜವೇ ಆಗಿತ್ತು.

ಎರಡನೆಯ ವಾರ ನಾನು ಹಳ್ಳದ ಮೇಲಿನ ಮೋರಿಯನ್ನು ತಪ್ಪಾಗಿ ಅಂಗಡಿಯ ಈಚೆ ಬರೆದೆ. ನಿಮಿಷದೊಳಗೆ ಕಮೆಂಟುಗಳು ಬರತೊಡಗಿದವು. ಮೋರಿ ಆಚೆ ಇದೆ ಎಂದು ಒಬ್ಬರು, ಹಳೆಯ ಮೋರಿ ಈಚೆಯೇ ಇತ್ತು ಎಂದು ಇನ್ನೊಬ್ಬರು, ಹಳೆಯದು ಕೊಚ್ಚಿಹೋದ ವರ್ಷ ತಾನು ಅದರ ಮೇಲೆಯೇ ನಿಂತಿದ್ದೆ ಎಂದು ಯಲ್ಲಾಪುರದಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿರುವ ಆ ಊರಿನವರೊಬ್ಬರು. ಸರಿ ಬರೆದರೆ ಯಾರೂ ಮಾತಾಡುವುದಿಲ್ಲ, ತಪ್ಪು ಬರೆದರೆ ಎಲ್ಲರೂ ಮಾತಾಡುತ್ತಾರೆ ಎಂಬುದು ಅಂದು ತಿಳಿಯಿತು. ಅಲ್ಲಿಂದ ಮುಂದೆ ಕೆಲವು ಸಲ ನಾನು ಬೇಕೆಂದೇ ತಪ್ಪು ಬರೆದಿದ್ದೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ತಿಂಗಳೊಂದು ಕಳೆಯುವಷ್ಟರಲ್ಲಿ ಜನ ಮೊಬೈಲು ಬಿಟ್ಟು ಸಭಾಂಗಣಕ್ಕೇ ಬರತೊಡಗಿದರು. ಸೊಸೈಟಿಯಲ್ಲಿ ತೂಕ ಮಾಡುವವರೊಬ್ಬರು ಮೊದಲು ಬಂದವರು. ನಾನು ಬರೆದ ಬಸ್ ನಿಲ್ದಾಣ ನೋಡಿ, “ಇದು ಕೋಳಿಗೂಡು ಇದ್ದಂಗಿದೆ, ಕೊಡಿ ಇಲ್ಲಿ,” ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಅವರು ಬರೆದದ್ದು ಇನ್ನೂ ಚಿಕ್ಕ ಕೋಳಿಗೂಡಿನ ಹಾಗೆ ಬಂತು, ಆದರೆ ಅದನ್ನು ಯಾರೂ ತಿದ್ದಲಿಲ್ಲ. ಸ್ವಸಹಾಯ ಸಂಘದ ಇಬ್ಬರು ಹೆಂಗಸರು ಗದ್ದೆಗಳಿಗೆ ಬಣ್ಣ ತುಂಬಲು ಒಪ್ಪಿಕೊಂಡರು. ಯಾರ ಗದ್ದೆ ಎಲ್ಲಿಗೆ ಮುಗಿಯುತ್ತದೆ ಎಂಬಲ್ಲಿ ಒಂದೆರಡು ಸಲ ದನಿ ಏರಿತು. ಹಾಗೆ ಏರಿದ ದಿನ ನೋಡುವವರ ಸಂಖ್ಯೆಯೂ ಏರುತ್ತಿತ್ತು. ನಾನು ಮೊಣಕಾಲೂರಿ ಕೂತು ಕೇಳಿದ್ದನ್ನು ಬರೆಯುತ್ತಿದ್ದೆ. ನನಗೆ ಅದು ಹಿತವಾಗಿತ್ತು. ಪರವೂರಿನವನಾದ್ದರಿಂದ ಯಾರ ಪರವೂ ವಹಿಸಬೇಕಾದ್ದಿರಲಿಲ್ಲ.

ಲೈವ್ ಶುರುವಾದ ಮೊದಲ ದಿನದಿಂದಲೂ ಕೆಂಪು ಗುಲಾಬಿಯ ಚಿತ್ರವಿದ್ದ ಒಂದು ಖಾತೆಯಿಂದ ಪ್ರತಿ ವಾರ ಒಂದೇ ಒಂದು ಕೈಮುಗಿಯುವ ಗುರುತು ಬರುತ್ತಿತ್ತು. ಮಾತಿಲ್ಲ. ಅದು ಯಾರೆಂದು ನಾನು ಯೋಚಿಸಿರಲಿಲ್ಲ. ಆರನೆಯ ವಾರವೋ ಏಳನೆಯದೋ, ಲೈವ್ ಮುಗಿಸಿ ಹಗ್ಗ ಬಿಚ್ಚುತ್ತಿದ್ದಾಗ ಬಿಸಿಯೂಟದ ಅಡುಗೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಬಂದು ನಿಂತರು. ಐವತ್ತರ ಹತ್ತಿರದ ಹೆಂಗಸು. ಆ ಶಾಲೆಗೆ ನನಗಿಂತ ಹಳಬರು. ಹತ್ತು ಹೆಜ್ಜೆ ಆಚೆಯ ಅಡುಗೆಕೋಣೆಯಲ್ಲಿ ಪಾತ್ರೆ ತೊಳೆಯುತ್ತಾ ಅವರು ಪ್ರತಿ ವಾರ ಮೊಬೈಲಿನಲ್ಲಿ ನನ್ನ ಕೈಯನ್ನು ನೋಡುತ್ತಿದ್ದರಂತೆ. ಗುಲಾಬಿಯ ಖಾತೆ ಅವರದು. ಬರೆಯಲು ಬಾರದ್ದರಿಂದ ಕೈಮುಗಿದು ಬಿಡುತ್ತಿದ್ದರು.

“ಸರ, ಒಂದ್ ಮಾತು ಕೇಳ್ಲೇನ್ರಿ?”

“ಕೇಳಿ.”

ಅವರು ಫ್ಲೆಕ್ಸಿನ ಮೂಡಣ ಅಂಚಿಗೆ ಬಂದು, ಅಕೇಶಿಯಾ ತೋಪಿನ ಹಿಂದಿನ ಗುಡ್ಡವನ್ನು ತೋರಿಸಿದರು. ಅಲ್ಲಿ ನಾನು ಬರೀ ಗುಡ್ಡ ಎಂದುಕೊಂಡು ಹಸಿರು ಬಳಿದಿದ್ದೆ.

“ಇಲ್ಲೆ ಬರೇ ಹಸರ ಬಳದೀರಲ್ರಿ. ಇಲ್ಲಿ ನಾವ ಅದೀವಿ.”

ಅವರ ಕೇರಿ ಅಲ್ಲಿತ್ತು. ಹದಿನಾಲ್ಕು ಮನೆ. ಅವರ ಹಿರಿಯರು ಎರಡು ತಲೆಮಾರಿನ ಹಿಂದೆ ಬಯಲುಸೀಮೆ ಕಡೆಯಿಂದ ಕೂಲಿಗೆ ಬಂದು ಅಲ್ಲೇ ನಿಂತವರು. ಆ ಕೇರಿಯಿಂದ ನನ್ನ ತರಗತಿಗೆ ಮಕ್ಕಳು ಬರುತ್ತಿದ್ದರು. ಅವರು ಎಲ್ಲಿಂದ ನಡೆದು ಬರುತ್ತಾರೆ ಎಂದು ನಾನು ಕೇಳಿರಲಿಲ್ಲ. ಇಷ್ಟು ವಾರ ನಕ್ಷೆ ನೋಡಿ ತಿದ್ದಿದವರಲ್ಲಿ ಒಬ್ಬರೂ ಆ ಹಸಿರನ್ನು ತಪ್ಪು ಎಂದಿರಲಿಲ್ಲ ಎಂಬುದೂ ಆಗ ಗಮನಕ್ಕೆ ಬಂತು.

ಮುಂದಿನ ಶನಿವಾರ ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡೆ. ಮುಖ ಕಾಣುವುದಿಲ್ಲ ಎಂದ ಮೇಲೆ ಒಪ್ಪಿದರು. ಸೀಮೆಸುಣ್ಣದ ಚೂರುಗಳನ್ನು ಒಂದೊಂದಾಗಿ ಇಟ್ಟು, ಇದು ನಮ್ಮ ಮೈದುನನ ಮನೆ, ಇದು ಎರಡು ಬಾಗಿಲಿನದು, ಇಲ್ಲಿ ಬೋರಿನ ನಲ್ಲಿ ಎಂದು ಹೇಳಿದರು. ಪಾತ್ರೆ ತಿಕ್ಕಿ ಬೆಳ್ಳಗಾದ ಅವರ ಬೆರಳು ಮತ್ತು ನನ್ನ ಪೆನ್ನು ಎರಡೇ ತೆರೆಯ ಮೇಲೆ. ಹದಿನಾಲ್ಕು ಮನೆ ಬರೆದೆ. ಅಂದು ನೋಡಿದಷ್ಟು ಜನ ಅದುವರೆಗೆ ಯಾವ ವಾರವೂ ನೋಡಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕೂತಾಗ ನಾನು ಸಂತೋಷವಾಗಿಯೇ ಇದ್ದೆ. ಆ ಸಂತೋಷದಲ್ಲಿ ನನ್ನ ಪಾಲು ಎಷ್ಟು ಎಂಬ ಲೆಕ್ಕವೂ ಇತ್ತು ಎಂದು ಈಗ ಅನ್ನಿಸುತ್ತದೆ.

ಸೋಮವಾರ ಬೆಳಿಗ್ಗೆ ಮೂವರು ಬಂದರು. ಒಬ್ಬರು ಪಂಚಾಯ್ತಿ ಸದಸ್ಯರು, ಇನ್ನಿಬ್ಬರು ಆ ಕೇರಿಯವರು. ಅವರಲ್ಲೊಬ್ಬ ಅಡುಗೆಯವರ ಮೈದುನ. ಸದಸ್ಯರೇ ಮಾತು ಶುರು ಮಾಡಿದರು.

“ಮಾಸ್ತರೇ, ನೀವು ಒಳ್ಳೆ ಮನಸ್ಸಿಂದನೇ ಮಾಡಿದ್ದು, ಅದರಲ್ಲಿ ಸಂಶಯ ಇಲ್ಲ. ಆದ್ರೆ ಅದು ಫಾರೆಸ್ಟ್ ಜಾಗ. ಸಕ್ರಮ ಮಾಡಿಕೊಡಿ ಅಂತ ಇವರು ಕೊಟ್ಟ ಅರ್ಜಿ ಇನ್ನೂ ತೀರ್ಮಾನ ಆಗ್ಲಿಲ್ಲ.”

ಮೈದುನ ನನ್ನ ಮುಖ ನೋಡದೆ ಹೇಳಿದ: “ಮನಿ ಎಣಿಸಿ ತೋರ್ಸೀರಿ ಸರ. ಎಲ್ಲಾರೂ ನೋಡ್ಯಾರ. ನಾಳೆ ಯಾರರ ಬಂದು ಅದನ್ನ ಹಿಡಕೊಂಡು ಎಣಸಾಕ ನಿಂತ್ರ ನಾವೇನ್ ಹೇಳೂದ್ರಿ?”

ಅವರೆದುರಿಗೇ ಮೊಬೈಲು ತೆಗೆದು ಆ ವಾರದ ವಿಡಿಯೊ ಅಳಿಸಿದೆ. ಅಳಿಸಿದ್ದು ಖಾತ್ರಿಯೇ ಎಂದು ಆತ ತನ್ನ ಮೊಬೈಲಿನಲ್ಲೂ ನೋಡಿಕೊಂಡ. ಅಡುಗೆಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಸೌಟಿನ ಸದ್ದು ನಿಂತಿತ್ತು. ಅಡುಗೆಯವರು ಹೊರಗೆ ಬರಲಿಲ್ಲ.

ಆ ಶನಿವಾರ ಲೈವ್ ಇರಲಿಲ್ಲ. ಕಾರಣ ಕೇಳಿದವರಿಗೆ ನೆಟ್‌ವರ್ಕ್ ಸರಿ ಇಲ್ಲ ಎಂದೆ. ಅಡುಗೆಯವರು ಹತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಸಿಟ್ಟು ಎಂದೇನೂ ತೋರಲಿಲ್ಲ. ಎಂದಿನಂತೆ ಅನ್ನ ಬಡಿಸುತ್ತಿದ್ದರು, ನಾನು ತಟ್ಟೆ ಹಿಡಿಯುತ್ತಿದ್ದೆ. ಕೇರಿಯಲ್ಲಿ ಅವರಿಗೆ ಏನು ಮಾತು ಬಂದಿರಬಹುದೆಂದು ಊಹಿಸಿದೆ. ಬರೆಯಿರಿ ಎಂದವರು ಅವರು, ಸರಿ. ಉಳಿದ ಹದಿಮೂರು ಮನೆಯವರನ್ನು ಕೇಳಬೇಕಿತ್ತು ಎಂಬುದು ನನಗೆ ಹೊಳೆಯಬೇಕಿತ್ತು. ಗದ್ದೆಯ ಅಂಚಿಗೆ ಜಗಳವಾದಾಗ ಎರಡೂ ಕಡೆಯವರ ಮಾತು ಕೇಳಿಯೇ ಗೆರೆ ಎಳೆದಿದ್ದೆನಲ್ಲ.

ಅದರ ಮರುವಾರದ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಉಂಡು ಎದ್ದ ಮೇಲೆ, ಅವರು ಸಾರಿನ ಪಾತ್ರೆ ಇಳಿಸಿಟ್ಟು ನನ್ನ ಹತ್ತಿರ ಬಂದರು.

“ಮನಿ ತಗದು ಬಿಡ್ರಿ ಸರ. ಮರ ಬರೀರಿ.”

“ಯಾವ ಮರ?”

“ಎಲ್ಲಾರ ಮನಿ ಮುಂದೂ ಒಂದೊಂದ್ ಮರ ಐತ್ರಿ. ಹಿರೇರು ಹಚ್ಚಿದ್ದು. ನಮ್ಮದು ಹುಣಸಿ. ಮೈದುನಂದು ಹಲಸು. ಮರಕ್ಕ ಯಾರೂ ನೋಟಿಸ್ ಕೊಡಂಗಿಲ್ರಿ.”

“ನಿಮ್ಮ ಕೇರಿಯವರು ಒಪ್ಪಬೇಕಲ್ಲ.”

“ಕೇಳೇ ಬಂದೀನ್ರಿ,” ಎಂದರು. “ಒಂದ್ ಮನ್ಯಾಗ ಮರ ಇಲ್ಲ. ಅವರಿಗೆ ನುಗ್ಗಿ ಹಚ್ರಿ ಅಂತ ಹೇಳೀನಿ.”

ಪೆನ್ನಿನ ಶಾಯಿ ಫ್ಲೆಕ್ಸಿನಿಂದ ಹೋಗುವಂಥದ್ದಲ್ಲ. ಮನೆಗಳ ಮೇಲೆ ಬಿಳಿ ಬಣ್ಣ ಎರಡು ಸಲ ಬಳಿದು ಒಣಗಿಸಿದೆ. ಹತ್ತಿರದಿಂದ ನೋಡಿದರೆ ಕೆಳಗಿನ ಗೆರೆ ಮಸುಕಾಗಿ ಕಾಣುತ್ತಿತ್ತು. ಅದನ್ನು ಆಮೇಲೆ ಮರ ಬರೆಯುವಾಗ ಎಲೆಗಳ ದಟ್ಟಣೆಯಲ್ಲಿ ಮುಚ್ಚಿದೆ.

ಆ ಶನಿವಾರದ ಲೈವ್ ಎಲ್ಲಕ್ಕಿಂತ ದೀರ್ಘವಾದದ್ದು. ಅಡುಗೆಯವರು ಪಕ್ಕದಲ್ಲಿ ಕೂತು ಮರದ ಜಾತಿ, ಎತ್ತರ, ಯಾವ ಕಡೆ ಬಾಗಿದೆ ಎಂದು ಹೇಳಿದರು. ಮುಖ್ಯಶಿಕ್ಷಕಿ ತಮ್ಮ ಮೊಬೈಲು ಹಿಡಿದು, ಕೇರಿಯಿಂದ ಬರುತ್ತಿದ್ದ ವಾಯ್ಸ್ ಮೆಸೇಜುಗಳನ್ನು ಒಂದೊಂದಾಗಿ ಕೇಳಿಸಿದರು. ಒಬ್ಬ ಮುದುಕಿ ತನ್ನ ನೆಲ್ಲಿಯ ಮರಕ್ಕೆ ಸಿಡಿಲು ಬಡಿದು ಒಂದು ಕೊಂಬೆ ಇಲ್ಲ, ಅದನ್ನು ಬರೆಯಬೇಡಿ ಎಂದು ತಿಳಿಸಿದಳು. ಕೊನೆಯಲ್ಲಿ ಬಂದದ್ದು ಮೈದುನನ ದನಿ.

“ಸರ, ಹಲಸು ಸಣ್ಣದಾತ್ರಿ. ಇನ್ನೂ ದೊಡ್ಡದೈತಿ ಅದು. ನಾಕ್ ಮಂದಿ ಕೈ ಹಿಡದ್ರೂ ತೆಕ್ಕಿಗೆ ಬರಂಗಿಲ್ಲ.”

ಹಲಸನ್ನು ದೊಡ್ಡದು ಮಾಡಿದೆ. ಅದು ಪಂಚಾಯ್ತಿ ಕಟ್ಟಡಕ್ಕಿಂತ ದೊಡ್ಡದಾಯಿತು. ಅಡುಗೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು.

ವಾರ್ಷಿಕ ಪರೀಕ್ಷೆಗೆ ಮುಂಚೆ ನಕ್ಷೆ ಮುಗಿದು, ಸಭಾಂಗಣದ ಗೋಡೆಗೆ ತೂಗುಹಾಕಿದೆವು. ಅಂದು ಕುರ್ಚಿ ಸಾಲದೆ ತರಗತಿಯ ಬೆಂಚುಗಳನ್ನು ತರಬೇಕಾಯಿತು. ಜನ ತಮ್ಮ ತಮ್ಮ ಮನೆಯ ಮೇಲೆ ಬೆರಳಿಟ್ಟು ನೋಡಿದರು, ಫೋಟೊ ತೆಗೆಸಿಕೊಂಡರು. ಗುಡ್ಡದ ಕೇರಿಯವರು ಸ್ವಲ್ಪ ಹೊತ್ತು ಬಾಗಿಲ ಬಳಿಯೇ ನಿಂತಿದ್ದು, ಗದ್ದಲ ಕಡಿಮೆಯಾದ ಮೇಲೆ ಮುಂದೆ ಬಂದರು. ಅವರ ಮರಗಳ ಕೆಳಗೆ ಏನೂ ಬರೆದಿರಲಿಲ್ಲ. ಯಾವುದು ಯಾರದೆಂದು ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಪಂಚಾಯ್ತಿ ಸದಸ್ಯರು ಮಾತಾಡಿ, ಇಂಥ ಕೆಲಸ ಬೇರೆ ಊರುಗಳಲ್ಲೂ ಆಗಬೇಕು ಎಂದರು. ಸೋಮವಾರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದರ ಮುಂದಿನ ತಿಂಗಳು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಬಂದವರು ಎಂಟು ಜನ. ಒಬ್ಬರು ಹೆಚ್ಚು. ಅದು ಅಡುಗೆಯವರ ಮೈದುನ. ಶಾಲೆಗೆ ಬರುವ ಗುಡ್ಡದ ದಾರಿಯಲ್ಲಿ ಹಳ್ಳ ದಾಟಲು ಒಂದು ಕಾಲುಸಂಕ ಬೇಕೆಂದು ಕೇಳಲು ಬಂದಿದ್ದ. ಅರ್ಜಿ ಬರೆಯಲು ನಾನು ನೆರವಾದೆ. ಅದು ಎಲ್ಲಿಗೆ ಮುಟ್ಟಿತೋ ತಿಳಿಯದು.

ಆಮೇಲೆ ನನಗೆ ಯಲ್ಲಾಪುರ ತಾಲೂಕಿಗೆ, ಉಮ್ಮಚಗಿ ಕಡೆಗೆ ವರ್ಗವಾಯಿತು. ಪುಟವನ್ನು ಸ್ವಸಹಾಯ ಸಂಘದ ಹೆಂಗಸರಿಗೆ ಒಪ್ಪಿಸಿ ಬಂದೆ. ಅವರು ಅದರಲ್ಲಿ ಈಗ ಹೊಲಿಗೆ ಹೇಳಿಕೊಡುತ್ತಾರೆ. ಇಲ್ಲಿಯ ಶಾಲೆಯಲ್ಲಿ ನಾನು ಲೈವ್ ಶುರು ಮಾಡಿಲ್ಲ. ಬೆಳಿಗ್ಗೆ ಬೇಗ ಬಂದ ದಿನ ಊರೊಳಗೆ ಒಂದು ಸುತ್ತು ನಡೆದು ಬರುತ್ತೇನೆ, ಮಕ್ಕಳನ್ನು ಅವರ ಮನೆ ಎಲ್ಲಿ ಎಂದು ಕೇಳುತ್ತೇನೆ, ಅಷ್ಟೇ.

ಸೇವಾ ಪುಸ್ತಕದ ಕೆಲಸಕ್ಕೆ ಒಮ್ಮೆ ಹಳೆಯ ಶಾಲೆಗೆ ಹೋಗಬೇಕಾಯಿತು. ನಕ್ಷೆ ಅಲ್ಲೇ ಇತ್ತು. ಬಿಸಿಲು ಬೀಳುವ ಕಡೆ ಬಣ್ಣ ಮಾಸಿತ್ತು. ಯಾರೋ ಹೊಸ ಕೆರೆಯೊಂದನ್ನು ಸೇರಿಸಿದ್ದರು, ಅಂಗಡಿಯ ಪಕ್ಕ ಮೊಬೈಲ್ ಟವರನ್ನೂ. ಗುಡ್ಡದ ಮೇಲೆ ನನ್ನದಲ್ಲದ ಕೈಯಿಂದ ಬರೆದ ಮೂರು ಮರಗಳಿದ್ದವು, ಚಿಕ್ಕವು, ಕಡ್ಡಿಯಂಥವು. ಅವು ನಿಜಕ್ಕೂ ಹೊಸ ಗಿಡಗಳೋ ಹೊಸ ಮನೆಗಳೋ ಗೊತ್ತಾಗಲಿಲ್ಲ. ಅಡುಗೆಯವರು ಆ ದಿನ ರಜೆಯಲ್ಲಿದ್ದರು. ಬೇರೆ ಯಾರನ್ನೂ ನಾನು ಕೇಳಲಿಲ್ಲ.