ಕಡೇ ಹೊಲಕ್ಕ ಮೊದಲ ಪಾಳಿ

ನಾಸಿಕ್ ಹತ್ತಿರ ನಿಫಾಡ್ ಕಡೆ ಒಂದು ಕಾಲುವೆಯ ಗೇಟು ಎತ್ತೋದು, ಇಳಿಸೋದು ನನ್ನ ಕೆಲಸ. ನೀರನ್ನ ರೈತರು ತಾವೇ ಕೂಡಿ ಹಂಚಿಕೊಳ್ತಾರ. ಪಾಳಿ ಯಾವತ್ತೂ ಕಡೇ ಹೊಲದಿಂದ ಶುರು. ಗೇಟಿನ ಬಾಜೂ ಇರೋನಿಗೆ ಎಲ್ಲಾರ ಆದಮೇಲೆ. ಇಲ್ಲಾಂದ್ರ ಕಡೆಯವನಿಗೆ ನೀರು ಮುಟ್ಟೂದೇ ಇಲ್ಲ. ಹೆಂಡತಿ ಇದ್ದಾಗ ಪಾಳಿ ಕೂಗಿ ಹೇಳಾಕಿ ಅಕಿನೇ. ಮಗಳು ಪೂಜಾ ಅಕಿ ಸೆರಗು ಹಿಡಿದು ತಿರುಗತಿದ್ಲು.

ಪೂಜಾ ಭಾಳ ಶಾಣ್ಯಾಕಿ ಅದಾಳ, ಪರೀಕ್ಷೆಗೆ ಕೂಡಸ್ರಿ ಅಂತ ಮಾಸ್ತರರು ಅಂದಿದ್ದಕ್ಕ ನಾಸಿಕ್‌ಗೆ ಕರ್ಕೊಂಡು ಹೋದೆ. ಪಾಸಾದ್ರ ಹಾಸ್ಟೆಲ್ ಇರೋ ದೊಡ್ಡ ಸಾಲಿ. ಅಕಿ ಅವ್ವ ತೀರಿಕೊಳ್ಳೋ ಮುಂಚೆ ನನ್ನ ಕಡೆ ಕೇಳಿದ್ದು ಅದೊಂದೇ, ಮಗಳನ್ನ ಚಲೋ ಓದಸ್ರಿ ಅಂತ.

ಮಕ್ಕಳನ್ನ ಸಾಲಾಗಿ ಕೂಡಿಸಿ, ಮೊದಲ ಕುರ್ಚಿಯೊಳಗಿದ್ದ ಪೂಜಾನ ಕೈಗೆ ಚಿತ್ರದ ತುಂಡುಗಳ ಡಬ್ಬಿ ಕೊಟ್ರಂತ. ಒಬ್ಬೊಬ್ಬರೇ ಪಾಳಿ ಮೇಲೆ ಜೋಡಿಸಬೇಕು. ಈಕಿ ಮುಚ್ಚಳಾ ತೆಗೀದೆ ಡಬ್ಬಿ ಕಡೇ ಕುರ್ಚಿಗೆ ಸಾಗಿಸಿದ್ಲು. ಅಲ್ಲಿಂದ ಒಬ್ಬೊಬ್ಬರೇ ಜೋಡಿಸಿ ಅದು ತಿರುಗಿ ಈಕಿ ಕೈಗೆ ಬರೋದ್ರೊಳಗ ಗಂಟೆ ಹೊಡೀತು.

ಪರೀಕ್ಷೆ ತಗೊಳ್ಳೋ ಮೇಡಂ ನನ್ನ ಒಳಗ ಕರೆದ್ರು. "ಅಣ್ಣಾ, ಹುಡುಗಿ ಏನೂ ಮಾಡಲಿಲ್ಲ. ಹೆದರಿದಳೇನು?"

"ನನ್ನ ಪಾಳಿ ಬಂದಿರಲಿಲ್ಲ," ಅಂತ ಪೂಜಾನೇ ಹೇಳಿದ್ಲು.

ನಾನು ಕಾಲುವೆ ಪದ್ಧತಿ ಬಿಡಿಸಿ ಹೇಳಿದೆ. ಮೇಡಂ ಮಾರ್ಕ್ಸ್ ಹಾಳಿ ಬದಿಗೆ ಸರಿಸಿದ್ರು. "ಇದಕ್ಕ ಮಾರ್ಕ್ಸ್ ಕೊಡಾಕ ಬರೂದಿಲ್ಲ ಅಣ್ಣಾ. ನಾಳೆ ಮತ್ತೊಮ್ಮೆ ಕೂಡಸ್ತೀನಿ, ಕರ್ಕೊಂಡು ಬರ್ರಿ."

"ಹಂಗಾದ್ರ ಅಕಿಗೆ ಕಡೇ ಕುರ್ಚಿ ಕೊಡ್ರಿ ಮೇಡಂ," ಅಂದೆ. ಅವರು ಒಪ್ಪಿದ್ರು.

ಬಸ್ಸಿನ್ಯಾಗ ಪೂಜಾ ಕೇಳಿದ್ಲು, "ಅಪ್ಪಾ, ಮೊದಲ ಕುರ್ಚಿಯವರು ನಮ್ಮ ಕಾಲುವೆ ಊರವರು ಅಲ್ಲಾಂದ್ರ, ಡಬ್ಬಿ ನನ್ನ ತನಕ ಬರ್ತದೇನು?"

ನನಗ ಅದು ಹೊಳದೇ ಇರಲಿಲ್ಲ. ಅಕಿ ಶಾಣ್ಯಾಕಿ ಅಂತ ಮಾಸ್ತರರು ಹೇಳಿದ್ದು ಖರೇನ ಇರಬೇಕು.