ತಮ್ಮನಿಗೆ ನಾನು ಕೊಟ್ಟ ಎತ್ತರ

ಎತ್ತರದ ಮನುಷ್ಯರನ್ನು ಕಂಡರೆ ನನಗೆ ಹೆದರಿಕೆ. ಅವರು ನನಗೇನೂ ಮಾಡುವುದಿಲ್ಲ, ಅದು ಗೊತ್ತು. ಬಹ್ರೈನಿನ ಟುಬ್ಲಿಯಲ್ಲಿರುವ ನಮ್ಮ ಗ್ಯಾರೇಜಿಗೆ ತಲೆ ತಗ್ಗಿಸಿಕೊಂಡು ಒಳಗೆ ಬರುವ ಗಿರಾಕಿಗಳು ನನ್ನ ಹತ್ತಿರ ಮರ್ಯಾದೆಯಿಂದಲೇ ಮಾತಾಡುತ್ತಾರೆ. ಆದರೆ ಅಂಥವರು ಬಂದ ಕೂಡಲೇ ನನ್ನ ಮನಸ್ಸು ಅವರ ಪಕ್ಕದಲ್ಲಿ ನನ್ನ ತಮ್ಮನನ್ನು ತಂದು ನಿಲ್ಲಿಸಿ ನೋಡುತ್ತದೆ. ತಮ್ಮ ಅಲ್ಲಿ ಇಲ್ಲದಿದ್ದರೂ ನಿಲ್ಲಿಸುತ್ತದೆ.

ನಾನು ಕಾರಿನ ಸೀಟು ಹೊಲಿಯುವವನು. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟೆ, ಆದ್ದರಿಂದ ಈ ಬರಹದಲ್ಲಿ ಹೊಲಿಗೆ ಅಲ್ಲಲ್ಲಿ ಸೊಟ್ಟ ಕಂಡರೆ ಕ್ಷಮಿಸಬೇಕು. ತಮ್ಮ ಚಿದಾನಂದ, ನಮಗೆ ಚಿದು, ಮಂಗಳೂರಿನಲ್ಲಿ ಕಾಲೇಜಿಗೆ ಹೋದ. ಅಲ್ಲಿ ಅವನು ಮನಸ್ಸಿಟ್ಟು ಕಲಿತದ್ದು ಬಾಸ್ಕೆಟ್‌ಬಾಲ್ ಒಂದೇ. ಅವನು ನನ್ನ ಭುಜಕ್ಕೆ ಬರುತ್ತಾನೆ. ನಾನೇನು ದೊಡ್ಡ ಎತ್ತರದವನಲ್ಲ. ಮನೆಯಲ್ಲಿದ್ದ ಅಷ್ಟಿಷ್ಟು ಎತ್ತರವನ್ನು ಮೊದಲು ಹುಟ್ಟಿದ ನಾನೇ ಬಾಚಿಕೊಂಡೆನೇನೋ ಎಂದು ಅನ್ನಿಸುವುದುಂಟು. ಕಾಲೇಜಿನ ಟೀಮಿನಲ್ಲಿ ಅವನು ಗಾರ್ಡ್. ಚೆಂಡನ್ನು ಪುಟಿಸುತ್ತ ತಂದು, ಉದ್ದದವರ ನಡುವೆ ನುಸುಳಿ, ತನ್ನವರಿಗೆ ಹಂಚುವವನು. ಮಂಗಳೂರಿನಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಆದರೆ ಮಂಗಳೂರಿನ ಉದ್ದವೇ ಬೇರೆ, ಬಹ್ರೈನಿನ ಉದ್ದವೇ ಬೇರೆ.

ಸೌದಿಗೆ ಹೋಗುವ ಸೇತುವೆಯನ್ನು ಇನ್ನೂ ಕಟ್ಟುತ್ತಿದ್ದ ಕಾಲವದು. ಸಿತ್ರಾದ ಒಂದು ಕಂಪನಿಗೆ ತನ್ನದೇ ಬಾಸ್ಕೆಟ್‌ಬಾಲ್ ಟೀಮು ಇತ್ತು. ಟೀಮಿಗೆ ಸೇರಿದವನಿಗೆ ಆಟವೇ ಕೆಲಸ, ಆಟಕ್ಕೇ ಸಂಬಳ. ಆ ಕಂಪನಿಯ ಬಸ್ಸು ಓಡಿಸುತ್ತಿದ್ದ ನಮ್ಮ ಊರಿನ ಕಡೆಯ ಹಮೀದಾಕ ಕೋಚನ ಹತ್ತಿರ ಮಾತಾಡಿ, ಒಂದು ದಿನ ಚಿದುವಿನ ಆಟ ನೋಡಲು ಒಪ್ಪಿಸಿದರು. ನಾನು ನಮ್ಮ ಅರ್ಬಾಬನ, ಅಂದರೆ ಗ್ಯಾರೇಜಿನ ಮಾಲೀಕನ ಕೈಕಾಲು ಹಿಡಿದು ವಿಸಿಟ್ ವೀಸಾ ಮಾಡಿಸಿ ತಮ್ಮನನ್ನು ಕರೆಸಿಕೊಂಡೆ. ಟೀಮಿಗೆ ಆಯ್ಕೆಯಾದರೆ ಇಲ್ಲಿ ಉಳಿಯುತ್ತಾನೆ, ಇಲ್ಲದಿದ್ದರೆ ವೀಸಾ ಮುಗಿದ ದಿನ ವಿಮಾನ ಹತ್ತಬೇಕು. ಆಡದೆ ಬದುಕುವುದು ಅವನಿಗೆ ಗೊತ್ತೂ ಇರಲಿಲ್ಲ.

ಚಿದು ಬರುವ ಮೊದಲೇ ಹಮೀದಾಕ ನನ್ನನ್ನು ಒಂದು ಸಂಜೆ ಆ ಟೀಮಿನ ಆಟಕ್ಕೆ ಕರೆದುಕೊಂಡು ಹೋದದ್ದು ತಪ್ಪಾಯಿತು. ಆ ಆಟಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಸದ್ದು ಬೆಂಚಿನವರೆಗೂ ಕೇಳುತ್ತಿತ್ತು. ಅವರ ಮೊಣಕೈ ಇರುವಲ್ಲಿ ನನ್ನ ತಮ್ಮನ ಹಣೆ. ಅಂದಿನಿಂದ ನನಗೆ ನಿದ್ದೆ ಬರಲಿಲ್ಲ. ದೇವರುಗಳಲ್ಲಾದರೂ ಗಿಡ್ಡನೊಬ್ಬ ಗೆದ್ದಿದ್ದಾನೆಯೇ ಎಂದು ಯೋಚಿಸಿದೆ. ವಾಮನ ನೆನಪಾದ. ಆದರೆ ಅವನು ಸಹ ಮುಗಿಲಿನಷ್ಟು ಬೆಳೆದ ಮೇಲೆಯೇ ಗೆದ್ದದ್ದು! ಗಿಡ್ಡನಾಗಿಯೇ ಗೆದ್ದಿದ್ದರೆ ನನಗೆ ಎಷ್ಟೋ ಧೈರ್ಯ ಬರುತ್ತಿತ್ತು.

ಹಾಗೆ ಯೋಚಿಸುತ್ತಿರುವಾಗಲೇ ನಮ್ಮೂರಿನ ಯಕ್ಷಗಾನ ನೆನಪಾಯಿತು. ಹಗಲಿನಲ್ಲಿ ಬೀಡಿ ಸೇದುತ್ತ ಕೂತಿರುವ ಸಣಕಲು ಮನುಷ್ಯ, ಮೈಗೆ ಬಟ್ಟೆ ಸುತ್ತಿ ಕಿರೀಟ ಇಟ್ಟನೆಂದರೆ ರಂಗಸ್ಥಳ ಸಾಲದಷ್ಟು ದೊಡ್ಡ ರಾಕ್ಷಸ. ದೊಡ್ಡವರು ಹುಟ್ಟುವುದಿಲ್ಲ, ಕಟ್ಟಿಸಿಕೊಳ್ಳುತ್ತಾರೆ ಎಂದು ನನಗೆ ಹೊಳೆಯಿತು. ಚಿದುವಿನ ತಲೆಗೆ ಕಿರೀಟ ಇಡುವ ಹಾಗಿರಲಿಲ್ಲ. ಆದರೆ ನನ್ನ ಹತ್ತಿರ ಸೀಟಿನ ಫೋಮ್ ಬೇಕಾದಷ್ಟು ಇತ್ತು.

ಅವನ ಅಳತೆಗಿಂತ ದೊಡ್ಡ ಶೂ ತಂದೆ. ಗಟ್ಟಿ ಫೋಮನ್ನು ಪಾದದ ಆಕಾರಕ್ಕೆ ಕತ್ತರಿಸಿ, ಹಿಮ್ಮಡಿಗೆ ಇಮ್ಮಡಿ ಪದರ ಕೊಟ್ಟು, ಮೇಲೆ ರೆಕ್ಸಿನ್ ಹೊಲಿದು ಒಳಗೆ ಕೂರಿಸಿದೆ. ಅಷ್ಟು ಚಂದದ ಕೆಲಸವನ್ನು ನಾನು ಯಾವ ಕಾರಿಗೂ ಮಾಡಿಲ್ಲ.

"ಬೇಡ ಅಣ್ಣ," ಎಂದ ಚಿದು. "ನನ್ನ ಕಾಲಿಗೆ ನೆಲ ಸಿಕ್ಕಬೇಕು."

"ಸುಮ್ಮನಿರು ಮಾರಾಯ. ಅಲ್ಲಿ ಎಲ್ಲ ತೆಂಗಿನಮರದ ಹಾಗೆ ಉಂಟು. ನಿನ್ನನ್ನು ಕಂಡ ಕೂಡ್ಲೆ ಶಾಲೆಗೆ ಹೋಗು ಅಂತ ಕಳಿಸ್ತಾರೆ."

ಅಣ್ಣನ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ಹಾಕಿಕೊಂಡ.

ಕಂಪನಿಯ ಸಿಮೆಂಟು ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಕೋಚ್ ಚಿದುವನ್ನು ನೋಡಿ ಏನೂ ಹೇಳದೆ ಮುಂದೆ ಹೋದ. ನನ್ನ ಫೋಮ್ ಗೆದ್ದಿತು ಎಂದುಕೊಂಡೆ. ಆಟ ಶುರುವಾಯಿತು. ಚಿದು ಚೆಂಡು ಹಿಡಿದು ಎಡಕ್ಕೆ ತಿರುಗಿದ. ಶೂ ತಿರುಗಿತು, ಒಳಗಿನ ಕಾಲು ಆಮೇಲೆ ತಿರುಗಿತು. ಅಷ್ಟರಲ್ಲಿ ಚೆಂಡು ಬೇರೆಯವನ ಕೈಯಲ್ಲಿತ್ತು. ಮತ್ತೆ ಹಾಗೇ. ಓಡುವಾಗ ಹಿಮ್ಮಡಿ ಕುಸಿಯುವುದು, ನಿಲ್ಲುವಾಗ ಜಾರುವುದು. ಬೆವರಿಗೆ ಒದ್ದೆಯಾದ ರೆಕ್ಸಿನ್ ಎಷ್ಟು ಜಾರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ಅವನು ಪಾದ ಉಳುಕಿ ಬಿದ್ದ. ಆಟ ಅವನನ್ನು ದಾಟಿಕೊಂಡು ಹೋಯಿತು.

ಕೋಚ್ ಹಮೀದಾಕನಿಗೆ ಅರಬಿಯಲ್ಲಿ ಏನೋ ಹೇಳಿದ.

"ಗಿಡ್ಡ ಆದದ್ದು ತೊಂದ್ರೆ ಇಲ್ಲವಂತೆ," ಎಂದರು ಹಮೀದಾಕ. "ಆದ್ರೆ ಹುಡುಗ ನಿಧಾನ ಅಂತೆ ಮಾರಾಯ. ಗಿಡ್ಡವ ನಿಧಾನ ಆದ್ರೆ ಎಂತ ಮಾಡುವುದು ಅಂತ ಕೇಳ್ತಾನೆ."

ನನ್ನ ತಮ್ಮ ನಿಧಾನ! ಶೂ ಬಿಚ್ಚಿ ತೋರಿಸಿದ್ದರೆ ಸಾಕಿತ್ತು. ಆದರೆ ಕೋಚ್ ಅದನ್ನು ಮೋಸ ಎಂದರೆ? ಅರ್ಬಾಬನಿಗೆ ಸುದ್ದಿ ಹೋದರೆ? ಇಬ್ಬರನ್ನೂ ಒಂದೇ ವಿಮಾನಕ್ಕೆ ಹತ್ತಿಸಿದರೆ? ನಾನು ತಮ್ಮನ ಬ್ಯಾಗು ಎತ್ತಿಕೊಂಡೆ, ಅಷ್ಟೇ.

ಪಾದದ ಬಾವು ಇಳಿದ ಮೇಲೆ ಚಿದು ನನಗೆ ಹೇಳದೆ ಹಮೀದಾಕನ ಬಸ್ಸು ಹತ್ತಿ ಸಿತ್ರಾಕ್ಕೆ ಹೋದ. ಫೋಮನ್ನು ಕೋಚನ ಮುಂದಿಟ್ಟು, ಇದು ನನ್ನದೇ ಉಪಾಯ, ನಾನೇ ಹಾಕಿಕೊಂಡಿದ್ದೆ ಎಂದ. ತೆಳು ಅಡಿಯ ಹಳೇ ಶೂ ಹಾಕಿಕೊಂಡು ಆಡಿ ತೋರಿಸಿದ. "ಒಬ್ಬನಿಗೂ ಸಿಕ್ಕಲಿಲ್ಲ ಮಾರಾಯ, ಕಾಲಿನ ಎಡೆಯಲ್ಲಿ ಇಲಿ ಹೋದ ಹಾಗೆ ಹೋಗ್ತಾನೆ," ಎಂದು ಹಮೀದಾಕ ನಗುತ್ತ ಬಂದು ಹೇಳಿದರು. ನನ್ನ ತಪ್ಪನ್ನು ನಿನ್ನ ತಲೆಗೆ ಯಾಕೆ ಹಾಕಿಕೊಂಡೆ ಎಂದು ನಾನು ಚಿದುವನ್ನು ಕೇಳಿದೆ.

"ನೀನು ಹೋದ್ರೆ ಹೆದರಿ ಇನ್ನೊಂದು ಸುಳ್ಳು ಹೇಳ್ತಿದ್ದಿ," ಎಂದ.

ಅವನನ್ನು ಟೀಮಿಗೆ ಸೇರಿಸಿಕೊಂಡರು, ಕೆಲವು ವರ್ಷ ಆಡಿದ. ಪ್ರತಿ ಆಟದಲ್ಲೂ ನಾನು ಅರ್ಧ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಆಮೇಲೆ ಇನ್ನೊಬ್ಬ ಗಾರ್ಡ್ ಬಂದ, ಇವನನ್ನು ಟೀಮಿನಿಂದ ತೆಗೆದು ಸ್ಟೋರಿನ ಕೆಲಸಕ್ಕೆ ಹಾಕಿದರು. ಗಿಡ್ಡವ ಅಷ್ಟು ಆಡಿದ್ದೇ ಹೆಚ್ಚು ಎಂದು ಎಲ್ಲರೂ ಅಂದರು. ಚಿದುವೂ "ಎತ್ತರದ್ದು ಅಣ್ಣ, ಎಂತ ಮಾಡ್ಲಿಕ್ಕುಂಟು?" ಎಂದು ಸುಮ್ಮನಾದ. ಎತ್ತರ ಯಾರ ತಪ್ಪೂ ಅಲ್ಲವಲ್ಲ.

ಮೊನ್ನೆ ಅದೇ ಕೋಚ್ ಕಾರಿನ ಸೀಟು ಹೊಲಿಸಲು ಗ್ಯಾರೇಜಿಗೆ ಬಂದ. ನನ್ನ ಕೈಯಲ್ಲಿದ್ದ ಫೋಮ್ ನೋಡಿ ನಗುತ್ತ, ಇಷ್ಟು ವರ್ಷದಲ್ಲಿ ಕಲಿತ ಹಿಂದಿಯಲ್ಲಿ ನಮ್ಮ ಹುಡುಗರಿಗೆಲ್ಲ ಚಿದುವಿನ ಶೂವಿನ ಕಥೆ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಅರ್ಧಕ್ಕೆ ಬಂದಾಗ ಫೋಮನ್ನು ಕೆಳಗಿಟ್ಟೆ. ನನ್ನ ಮುರುಕು ಹಿಂದಿಯಲ್ಲಿ, ಅದು ನನ್ನ ಕೆಲಸ, ಅವನು ಬೇಡ ಅಂದಿದ್ದ ಎಂದೆ.

ಕೋಚ್ ಆ ಫೋಮನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ, "ಹೊಸ ಗಾರ್ಡ್ ಬಂದಾಗ ಇಬ್ಬರಲ್ಲಿ ಒಬ್ಬನನ್ನು ಇಟ್ಟುಕೊಳ್ಳಬೇಕಿತ್ತು. ಆಟ ಇಬ್ಬರದೂ ಸಮ. ನಿನ್ನ ತಮ್ಮ ಮೊದಲ ದಿನವೇ ಮೋಸ ಮಾಡಿದವನು ಅನ್ನೋದು ನೆನಪಾಯ್ತು," ಎಂದ.

"ಎತ್ತರ?" ಎಂದು ಕೇಳಿದೆ.

"ಎತ್ತರದ ಮಾತು ಬರಲೇ ಇಲ್ಲ."

ಗಿಡ್ಡನೊಬ್ಬ ಆಟವನ್ನೇ ನಂಬಿ ಬದುಕಬಹುದೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಬದುಕಬಹುದು, ಹೆದರುವ ಅಣ್ಣನಿಲ್ಲದಿದ್ದರೆ.

ಇದನ್ನು ಚಿದುವಿನ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ಕನ್ನಡದಲ್ಲಿ ಬರೆದದ್ದೇನು ಕೈಗೆ ಸಿಕ್ಕಿದರೂ ಅವನು ಓದುತ್ತಾನೆ, ಇದೂ ಸಿಕ್ಕುತ್ತದೆ. ಆದ್ದರಿಂದ ಚಿದು, ಓದಿ ಮುಗಿಸಿದ ಮೇಲೆ ಶುಕ್ರವಾರ ಮಧ್ಯಾಹ್ನ ಬಾ. ಬಂಗುಡೆ ಸಾರು ಮಾಡಿರುತ್ತೇನೆ. ಬೈಯಬೇಕೆಂದಿದ್ದರೆ ಊಟಕ್ಕೆ ಮೊದಲೇ ಬೈದುಬಿಡು. ನಾನು ನೆಲದ ಮೇಲೆ ಕೂತಿರುತ್ತೇನೆ, ನಿನಗೆ ತಲೆ ಎತ್ತಿ ಬೈಯುವ ಕಷ್ಟ ಬೇಡ.