ದೊರೆಗೂ ಹುಕ್ಕಾ-ಪಾನಿ ಬಂದ್

ಗುಂಡ್ಲುಪೇಟೆಯಿಂದ ಘಟ್ಟ ಹತ್ತಿ ಉದಕಮಂಡಲಕ್ಕೆ ಬಂದ ಸಿದ್ದಯ್ಯನಿಗೆ ಇದ್ದದ್ದು ಎರಡೇ ಆಸ್ತಿ: ಸಾಬರ ಬೀದಿಯಲ್ಲಿ ಆಡುತ್ತ ಕಲಿತ ಉರ್ದು, ಪಾದ್ರಿಗಳ ಶಾಲೆಯಲ್ಲಿ ಏಟು ತಿಂದು ಕಲಿತ ಇಂಗ್ಲಿಷ್. ಅವುಗಳ ಬಲದಿಂದ ಒಬ್ಬ ಬಿಳಿಯ ದೊರೆಯ ಕುದುರೆ ಲಾಯದಲ್ಲಿ ದುಭಾಷಿಯಾದ. ತಗ್ಗಿ ಬಗ್ಗಿ ನಡೆಯುವುದನ್ನು ಮಾತ್ರ ಎಲ್ಲಿಯೂ ಕಲಿಯಲಿಲ್ಲ. “ನಿನ್ ಬಾಯೇ ನಿನ್ ಅನ್ನಕ್ಕೆ ಕಲ್ಲು ಹಾಕ್ತದೆ ಕಣೋ” ಎಂದು ತಾಯಿ ಸಿದ್ದಾಜಮ್ಮ ಗೊಣಗುತ್ತಿದ್ದಳು.

ಸಾವಿರದ ಒಂಬೈನೂರ ಇಪ್ಪತ್ತೊಂದರ ಬೇಸಿಗೆ. ಕಲ್ಲಟ್ಟಿ ಘಟ್ಟ ಹತ್ತುವಾಗ ಒಂದು ಕುದುರೆಯ ಕಾಲು ಉಳುಕಿತು. ಕುದುರೆ ನೋಡಿಕೊಳ್ಳುವ ಕಾಸದಾರರಿಗೆಲ್ಲ ಹಿರಿಯನಾದ ಮದಾರ್ ಸಾಬಿಗೆ ದೊರೆ ಎಲ್ಲರೆದುರು ಚಾವಟಿಯಿಂದ ಬಾರಿಸಿದ. ಲಾಯದ ಮನೆಯನ್ನು ನಾಳೆಯೇ ಖಾಲಿ ಮಾಡು ಎಂದ. ಮಕ್ಕಳುಮರಿ ಕಟ್ಟಿಕೊಂಡು ಆ ಮುದುಕ ಹೋಗುವುದಾದರೂ ಎಲ್ಲಿಗೆ?

ಕಾಸದಾರರ ನಡುವೆ ಪೇಟೆಯಿಂದ ಬಂದ ಒಂದು ಮಾತು ಹರಿದಾಡಿತು: ಬಾಯ್ಕಾಟ್. ಅರ್ಥ ಅವರಲ್ಲಿ ಯಾರಿಗೂ ಗೊತ್ತಿಲ್ಲ. ಅದು ದೊರೆಯ ಕಿವಿಗೂ ಬಿತ್ತು. ಎಲ್ಲರನ್ನೂ ಅಂಗಳಕ್ಕೆ ಕರೆಸಿ ಸಿದ್ದಯ್ಯನಿಗೆ ಅಪ್ಪಣೆ ಮಾಡಿದ: “ಆ ಮಾತಿನ ಅರ್ಥ ಜೈಲು ಅಂತ ಇವರ ಭಾಷೆಯಲ್ಲಿ ಹೇಳು.”

ಸಿದ್ದಯ್ಯನಿಗೆ ಮೈಯೆಲ್ಲ ಉರಿಯಿತು. ಹಾಗೆ ಹೇಳಿದರೆ ತನ್ನ ಕೆಲಸ ಉಳಿಯುತ್ತದೆ, ಮದಾರ್ ಸಾಬಿ ಬೀದಿಗೆ ಬೀಳುತ್ತಾನೆ. ಪಾದ್ರಿಗಳ ಶಾಲೆಯಲ್ಲಿ ಕೇಳಿದ್ದ ಕಥೆಯನ್ನು ಉರ್ದುವಿನಲ್ಲಿ ಗಟ್ಟಿಯಾಗಿ ಶುರುಮಾಡಿದ.

“ಬಾಯ್ಕಾಟ್ ಅನ್ನೋದು ಒಬ್ಬ ದೊರೆ ಹೆಸರು ಕಣ್ರಪ್ಪಾ. ನಲವತ್ತು ವರ್ಷದ ಹಿಂದೆ ಐರ್ಲೆಂಡಲ್ಲಿ ಜಮೀನ್ದಾರನ ಪಾರುಪತ್ಯ ಮಾಡ್ತಿದ್ದ. ರೈತರನ್ನ ಮನೆ ಬಿಡ್ಸೋಕೆ ಹೊರಟ. ಊರೋರು ಏನು ಮಾಡಿದ್ರು ಗೊತ್ತಾ? ಅವನ ಬೆಳೆ ಕುಯ್ಯೋರಿಲ್ಲ, ಬಟ್ಟೆ ಒಗೆಯೋರಿಲ್ಲ, ಕುದುರೆಗೆ ಲಾಳ ಕಟ್ಟೋರಿಲ್ಲ, ಅಂಗಡೀಲಿ ಸಾಮಾನು ಕೊಡೋರಿಲ್ಲ. ಕೊನೆಗೆ ಅವನೇ ಊರು ಬಿಟ್ಟ. ಅವನ ಹೆಸರೇ ಆ ಕೆಲಸಕ್ಕೆ ಹೆಸರಾಯ್ತು. ನೀವು ಹುಕ್ಕಾ-ಪಾನಿ ಬಂದ್ ಅಂತೀರಲ್ಲ, ಅದೇ ಇದು.”

ತಪ್ಪು ಮಾಡಿದವನಿಗೆ ಅವರ ಜಮಾತಿನಲ್ಲಿ ಯಾರೂ ಹುಕ್ಕಾ ಕೊಡುವುದಿಲ್ಲ, ನೀರೂ ಕೊಡುವುದಿಲ್ಲ. ಆದರೆ ಅದು ತಮ್ಮವರಿಗೆ ಮಾತ್ರ ಹಾಕುವ ಶಿಕ್ಷೆ ಎಂದೇ ಮದಾರ್ ಸಾಬಿ ತಿಳಿದಿದ್ದ.

“ದೊರೆ ನಮ್ ಹುಕ್ಕಾ ಯಾವತ್ತು ಸೇದಿದ್ದ ಸಿದ್ದಯ್ಯಾ, ಬಂದ್ ಮಾಡೋಕೆ?”

“ಹುಕ್ಕಾ ಸೇದಿಲ್ಲ ಚಾಚಾ. ನೀರು? ದಿನಾ ಅವನ ಸ್ನಾನಕ್ಕೆ ಹೊತ್ತು ಹಾಕೋರು ಯಾರು?”

ಮದಾರ್ ಸಾಬಿ ಒಳಗೆ ಹೋಗಿ ಹುಕ್ಕಾದ ಚಿಲುಮೆ ತಂದು, ಕೆಂಡವನ್ನು ದೊರೆಯ ಬೂಟಿನ ಮುಂದೆ ಸುರಿದ. ಹಿರಿಯ ಹಾಗೆ ಕೆಂಡ ಸುರಿದರೆ ಬಂದ್ ಸಾರಿದಂತೆ, ಆಮೇಲೆ ಯಾರೂ ಮೀರುವಂತಿರಲಿಲ್ಲ. ಹುಕುಂ ಕೊಡುವಷ್ಟು ಉರ್ದು ಬರುತ್ತಿದ್ದ ದೊರೆಗೆ ಸಂಗತಿ ತಿಳಿಯಲು ಇಷ್ಟು ಸಾಕಾಯಿತು. ಸಿದ್ದಯ್ಯನನ್ನು ನಿಂತ ಕಾಲಲ್ಲೇ ಕೆಲಸದಿಂದ ತೆಗೆದ.

ಮರುದಿನದಿಂದ ಕುದುರೆಗಳಿಗೆ ಹುಲ್ಲು, ಹುರುಳಿ, ನೀರು ಎಲ್ಲವೂ ಸಿಕ್ಕಿತು. ಪಾಪ, ಅವೇನು ಮಾಡಿದ್ದವು? ಜೀನು ಮಾತ್ರ ಯಾರೂ ಬಿಗಿಯಲಿಲ್ಲ. ಬಂಗಲೆಗೆ ಒಂದು ಕೊಡ ನೀರು ಹೋಗಲಿಲ್ಲ. ಮದಾರ್ ಸಾಬಿಯನ್ನು ಹೊರಹಾಕಲು ಬಂದವರಿಗೆ ಅವನ ಬಾಗಿಲಲ್ಲಿ ಕಾಸದಾರರೆಲ್ಲ ಅಡ್ಡ ಕೂತರು, ಸಿದ್ದಯ್ಯನೂ ಕೂತ.

ಕುದುರೆ ಪಂದ್ಯ ಹತ್ತಿರ ಬಂದಾಗ ದೊರೆ ಮೆತ್ತಗಾದ. ಆ ಬಾಗಿಲಿಗೇ ಬಂದು ಸಿದ್ದಯ್ಯನಿಗೆ ಇಂಗ್ಲಿಷಿನಲ್ಲಿ ಹೇಳಿದ: “ಮನೆ ಅವನಿಗೇ ಇರಲಿ. ಹೊಡೆದದ್ದು ತಪ್ಪಾಯಿತು ಎಂದು ಅವನಿಗೆ ತಿಳಿಸು. ನಿನ್ನ ಕೆಲಸ ನಿನಗೆ ವಾಪಸ್ಸು.”

ಸಿದ್ದಯ್ಯ ಕೂತಲ್ಲಿಂದ ಏಳಲಿಲ್ಲ.

“ಹೊಡೆಯುವಾಗ ನಿಮಗೆ ದುಭಾಷಿ ಬೇಕಾಗಿರಲಿಲ್ಲ ದೊರೆ. ಈಗ ಯಾಕೆ? ನೀವೇ ಹೇಳಿ.”

ದೊರೆಯ ಮುಖ ಕೆಂಪಾಯಿತು. ಕೊನೆಗೆ ಅವನು ಟೋಪಿ ತೆಗೆದು, ತನ್ನ ಅರೆಬರೆ ಉರ್ದುವಿನಲ್ಲಿ ಮದಾರ್ ಸಾಬಿಯ ಹತ್ತಿರ ಮಾಫಿ ಕೇಳಿದ. ಸಿದ್ದಯ್ಯನ ಕೆಲಸದ ಮಾತನ್ನು ಆಮೇಲೆ ದೊರೆಯೂ ಎತ್ತಲಿಲ್ಲ, ಸಿದ್ದಯ್ಯನೂ ಎತ್ತಲಿಲ್ಲ; ಹೋದ ಕೆಲಸ ಹೋದಂತೆಯೇ ಆಯಿತು.